ಒಂದು ಗಂಟೆ ಇಪ್ಪತ್ತು ನಿಮಿಷದ ಹಿಂದಿನ ನೀರು

ಶನಿಗ್ರಹದ ಚಂದ್ರ ಟೈಟನ್ನಿನಿಂದ ಶಿವಲೀಲಾ ಒಂದು ಪ್ರಶ್ನೆ ಕೇಳಿ, ಅದಕ್ಕೆ ಉತ್ತರ ಅವಳ ಕಿವಿಗೆ ಬೀಳುವಷ್ಟರಲ್ಲಿ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ನೀರು ಮೊಣಕಾಲಿನಿಂದ ಸೊಂಟಕ್ಕೆ ಏರಿರುತ್ತಿತ್ತು. ಬರಲು ಒಂದು ಗಂಟೆ ಇಪ್ಪತ್ತು ನಿಮಿಷ, ಹೋಗಲು ಒಂದು ಗಂಟೆ ಇಪ್ಪತ್ತು ನಿಮಿಷ. ಬೆಳಕಿಗೇ ಅಷ್ಟು ಹೊತ್ತು ಬೇಕಾದ ಮೇಲೆ ಮಾತಿನ ಪಾಡೇನು. ನಾಗವೇಣಿ ಅಂಬಿಗ ಮಾತ್ರ ಅದನ್ನು ಗಂಟೆ ನಿಮಿಷಗಳಲ್ಲಿ ಅಳೆಯುತ್ತಿರಲಿಲ್ಲ. ಹೊಳೆ ಸಮುದ್ರ ಸೇರುವ ಆ ಬಾಯಿಯಲ್ಲೇ ಹುಟ್ಟಿ, ಅಲ್ಲೇ ಬಳಚಿನ ಚಿಪ್ಪು ಹೆಕ್ಕಿ, ಅಲ್ಲೇ ದೋಣಿ ನಡೆಸಿ ಐವತ್ತೆಂಟು ವರ್ಷ ಕಳೆದವಳು ಅವಳು. ಯಾರಾದರೂ ಕೇಳಿದರೆ, "ಅರ್ಧ ಭರತದಷ್ಟು ದೂರದಲ್ಲಿದ್ದಾಳೆ ನನ್ನ ಹುಡುಗಿ" ಎನ್ನುತ್ತಿದ್ದಳು. ಭರತವೆಂದರೆ ಆ ಕಡೆಯವರ ಮಾತಿನಲ್ಲಿ ಸಮುದ್ರದ ಉಬ್ಬರ.

ಟೈಟನ್ನಿನಲ್ಲಿ ಕಡಲುಗಳಿವೆ. ಆದರೆ ನೀರಿನವಲ್ಲ. ನಮ್ಮ ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಅಲ್ಲಿಯ ಚಳಿಗೆ ದ್ರವವಾಗಿ, ಹೊಳೆಯಾಗಿ ಹರಿದು, ಕಡಲಾಗಿ ನಿಂತಿದೆ. ಅವುಗಳಲ್ಲೆಲ್ಲ ದೊಡ್ಡದಾದ ಕ್ರಾಕೆನ್ ಕಡಲಿನ ದಡದಲ್ಲಿ ಹನ್ನೊಂದು ಜನ ನೆಲೆ ಕಟ್ಟಿಕೊಂಡು ಆರನೆಯ ವರ್ಷ ನಡೆಯುತ್ತಿತ್ತು. ಕಡಲಿನ ನಡುವೆ ಒಂದು ಇಕ್ಕಟ್ಟಾದ ಗಂಟಲು, ಅದರಾಚೆ ಒಂದು ನಡುಗಡ್ಡೆ, ನಡುಗಡ್ಡೆಯಲ್ಲಿ ಸಂಶೋಧನೆಯ ಗೂಡು. ಅಲ್ಲಿಗೆ ಹೋಗಿಬರಲು ತಮ್ಮಷ್ಟಕ್ಕೆ ತಾವೇ ನಡೆಯುವ ದೋಣಿಗಳನ್ನು ಕಳಿಸಿದ್ದರು. ಗಂಟಲಿನಲ್ಲಿ ಎರಡು ದೋಣಿ ಮುಳುಗಿದವು. ಗಣಕಯಂತ್ರ ಅಲೆಯ ಎತ್ತರವನ್ನು ಅಳೆದಿತ್ತು, ವೇಗವನ್ನು ಅಳೆದಿತ್ತು, ಎಲ್ಲವನ್ನೂ ಸರಿಯಾಗಿಯೇ ಅಳೆದು ಮುಳುಗಿತ್ತು. ಆಗ ಯಾರಿಗೋ, ದೋಣಿಯನ್ನು ಮನುಷ್ಯರ ಕೈಗೆ ಕೊಟ್ಟು ನೋಡೋಣ, ಆ ಮನುಷ್ಯರಿಗೆ ಮೈಯಿಂದ ನೀರು ಓದುವವರು ಕಲಿಸಲಿ ಎನ್ನಿಸಿತು. ಕರಾವಳಿಯ ಐವತ್ತು ದೋಣಿಗಳಲ್ಲಿ ಕೂರುವ ಹಲಗೆಯ ಕೆಳಗೆ ಒಂದೊಂದು ಯಂತ್ರ ಸಿಕ್ಕಿಸಿದರು. ಮಳೆಗಾಲದ ಅಳಿವೆಯಲ್ಲೂ ಎಲ್ಲಕ್ಕಿಂತ ಕಡಿಮೆ ಹೊಯ್ದಾಡಿದ ದೋಣಿ ನಾಗವೇಣಿಯದು.

"ಅಲ್ಲಿ ನೀರೇ ಇಲ್ಲ ಅಂತ್ರಿ. ಮತ್ತೆ ನಾ ಕಲಿಸೂದು ಎಂತ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಅದೇ ನಮಗೂ ಗೊತ್ತಿಲ್ಲ ನಾಗವೇಣಕ್ಕ. ನೀವು ಶುರು ಮಾಡಿ, ಗೊತ್ತಾಗ್ತದೆ" ಎಂದಿದ್ದ ಇನಾಸ್ ಫರ್ನಾಂಡಿಸ್. ಕಾರವಾರದ ಕಡೆಯವನು, ನಲವತ್ತು ದಾಟಿದ ಎಂಜಿನಿಯರು. ತದಡಿ ಬಂದರಿನ ಹಳೆಯ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ ಈ ಪಾಠಕ್ಕಾಗಿಯೇ ಒಂದು ಕೋಣೆ ಸಜ್ಜು ಮಾಡಿದ್ದ. ಗೋಡೆಗೊಂದು ಪರದೆ, ಮಾತು ಹಿಡಿಯುವ ಯಂತ್ರ, ಕಿಟಕಿಯಾಚೆ ಹೊಳೆ. ಕೋಣೆಯ ನಡುವೆ ಮಣೆ.

ಮಣೆಗೆ ಕಾಗದಪತ್ರದಲ್ಲಿ ಬೇರೇನೋ ಉದ್ದ ಹೆಸರಿತ್ತು. ಆರು ಉಕ್ಕಿನ ಕಾಲುಗಳ ಮೇಲೆ ನಿಂತ ಹಲಸಿನ ಹಲಗೆ ಅದು. ಟೈಟನ್ನಿನ ದೋಣಿಯಲ್ಲಿ ಶಿವಲೀಲಾ ಕೂತ ಜಾಗ ಹೇಗೆ ವಾಲಿತೋ, ಎದ್ದಿತೋ, ನಡುಗಿತೋ, ಅದರ ಲೆಕ್ಕವೆಲ್ಲ ಬಾನಿನಲ್ಲಿ ಹರಿದು ಬಂದು ಮಣೆಯನ್ನು ಹಾಗೇ ವಾಲಿಸುತ್ತಿತ್ತು, ಎಬ್ಬಿಸುತ್ತಿತ್ತು, ನಡುಗಿಸುತ್ತಿತ್ತು. ಅದರ ಮೇಲೆ ಕೂತರೆ ಕ್ರಾಕೆನ್ ಕಡಲಿನ ಮೇಲೆ ಕೂತಂತೆ. ಆದರೆ ಈಗಿನ ಕಡಲಲ್ಲ, ಒಂದು ಗಂಟೆ ಇಪ್ಪತ್ತು ನಿಮಿಷದ ಹಿಂದಿನದು.

ಮೊದಲ ಸಲ ಕೂತಾಗ ನಾಗವೇಣಿಗೆ ನಿದ್ದೆ ಬಂತು. ನಾಚಿಕೆಯಾಗಿ ಕಣ್ಣು ತೆರೆದಳು, ಮತ್ತೆ ರೆಪ್ಪೆ ಎಳೆಯಿತು. ಅಲ್ಲಿ ನೆಲದ ಸೆಳೆತ ಕಡಿಮೆ, ಆದ್ದರಿಂದ ಅಲೆಗಳಿಗೆ ಅವಸರವಿಲ್ಲ ಎಂದು ಇನಾಸ್ ಹೇಳಿದ್ದ. ಅವಸರವಿಲ್ಲ ಎಂದರೆ ಇಷ್ಟು ಎಂದು ಅವಳು ಎಣಿಸಿರಲಿಲ್ಲ. ಒಂದು ಅಲೆ ಬಂದು ಅವಳನ್ನು ಎತ್ತಿಕೊಳ್ಳುತ್ತಿತ್ತು, ಎತ್ತಿಕೊಂಡು ಇಳಿಸುವುದನ್ನೇ ಮರೆತಂತೆ ನಿಲ್ಲುತ್ತಿತ್ತು, ಆಮೇಲೆ ಹತ್ತಿಯ ಮೇಲೆ ಇಡುವಂತೆ ಇಳಿಸುತ್ತಿತ್ತು.

ಕಲಿಯಲು ಬಂದವಳು ಶಿವಲೀಲಾ ಹಡಪದ. ಯಾದಗಿರಿ ಕಡೆಯವಳು, ಮೂವತ್ತೊಂದು ವರ್ಷ. ನೆಲೆಯ ಪಂಪುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ದೋಣಿ ಹತ್ತಿದವಳೇ ಅಲ್ಲ. ಭೀಮಾ ನದಿಯನ್ನು ಸೇತುವೆಯ ಮೇಲಿಂದ ಬಸ್ಸಿನಲ್ಲಿ ಕೂತು ನೋಡಿದ್ದಷ್ಟೇ. ಹನ್ನೊಂದು ಜನರಲ್ಲಿ ಕೈ ಗಟ್ಟಿಯಿದ್ದವಳು, ಕನ್ನಡ ಬಲ್ಲವಳು ಅವಳೊಬ್ಬಳೇ ಆದ್ದರಿಂದ ಈ ಕಲಿಕೆ ಅವಳ ಪಾಲಿಗೆ ಬಂದಿತ್ತು.

ಅವಳ ಮೊದಲ ಮಾತು ಹೀಗಿತ್ತು: "ಅಕ್ಕೋರೇ, ನಮಸ್ಕಾರ್ರಿ. ನನಗ ನೀರಂದ್ರ ಅಂಜಿಕಿ ಅದ. ಮೊದ್ಲ ಹೇಳಿಬಿಡ್ತೀನಿ."

ಆ ಕರೆಗೆ ನಾಗವೇಣಿ ಸೆರಗು ಸರಿಮಾಡಿಕೊಂಡಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಅಕ್ಕೋರು ಎಂದು ಅವಳು ಶಾಲೆಯ ಟೀಚರನ್ನು ಕರೆದಿದ್ದಳು, ಅವಳನ್ನು ಯಾರೂ ಕರೆದಿರಲಿಲ್ಲ.

ಮೊದಲ ಒಂದು ತಿಂಗಳು ಪಾಠ ಕೆಟ್ಟೇ ಹೋಯಿತು. ನಾಗವೇಣಿಗೆ ಅವಳ ಚಿಕ್ಕಮ್ಮ ಕಲಿಸಿದ್ದು ಕೈಮೇಲೆ ಕೈಯಿಟ್ಟು. ದೋಣಿಯ ಹುಟ್ಟು ತಪ್ಪಿ ಬಿದ್ದರೆ ಮಣಿಕಟ್ಟಿಗೆ ಒಂದು ಏಟು, ಸರಿ ಬಿದ್ದರೆ ಏನೂ ಇಲ್ಲ. ಕಲಿಸುವುದು ಎಂದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಇಲ್ಲಿ ಹಿಡಿಯಲು ಕೈಯೇ ಇಲ್ಲ. ಪರದೆಯ ಮೇಲೆ ಶಿವಲೀಲಾ ಹುಟ್ಟನ್ನು ಸೌಟು ಹಿಡಿದಂತೆ ಹಿಡಿದಿರುತ್ತಿದ್ದಳು. ನಾಗವೇಣಿ "ಹಾಗಲ್ಲ, ಹಾಗಲ್ಲ, ಹೆಬ್ಬೆಟ್ಟು ಕೆಳಗೆ" ಎಂದು ಕೂಗುತ್ತಿದ್ದಳು. ಆ ಕೂಗು ತಲುಪುವ ಹೊತ್ತಿಗೆ ಶಿವಲೀಲಾ ತಪ್ಪನ್ನೇ ಎರಡು ಗಂಟೆ ನಲವತ್ತು ನಿಮಿಷ ಅಭ್ಯಾಸ ಮಾಡಿ, ದೋಣಿ ಕಟ್ಟಿ, ಊಟಕ್ಕೆ ಕೂತಿರುತ್ತಿದ್ದಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ನಾಗವೇಣಿ ಬಯ್ದದ್ದಕ್ಕೆ ಶಿವಲೀಲಾ "ತಪ್ಪಾತ್ರಿ ಅಕ್ಕೋರೇ" ಎಂದು ಸಣ್ಣ ದನಿಯಲ್ಲಿ ಹೇಳಿದ್ದು ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ, ಬಯ್ದವಳಿಗೆ ಬಯ್ದದ್ದೇ ಮರೆತಿರುತ್ತಿತ್ತು.

ಗಂಡ ಸುಬ್ರಾಯ ಇದನ್ನೆಲ್ಲ ಕೇಳಿ ನಗುತ್ತಿದ್ದ. ಸಮುದ್ರ ಏರಿ ಹೊಳೆನಡುವಿನ ಅವರ ಕುರ್ವೆ ಅರ್ಧ ಮುಳುಗಿದ ಮೇಲೆ ಊರಿನವರೆಲ್ಲ ತೇಲುವ ತಳಪಾಯದ ಮನೆಗಳಿಗೆ ಬಂದಿದ್ದರು. ಭರತ ಬಂದಾಗ ಇಡೀ ಕೇರಿ ಒಟ್ಟಿಗೇ ಒಂದಾಳು ಎತ್ತರ ಏಳುತ್ತಿತ್ತು. ಅಡುಗೆ ಸುಬ್ರಾಯನದೇ. ಒಂದು ಮಧ್ಯಾಹ್ನ ಬಳಚಿನ ಸುಕ್ಕ ಬಡಿಸುತ್ತ ಅವನು ಕೇಳಿದ:

"ನೀ ಬಯ್ಯೂದು ಅಲ್ಲಿಗೆ ಮುಟ್ಟೂದ್ರೊಳಗೆ ನಿನ್ನ ಸಿಟ್ಟು ಆರಿರ್ತದೆ. ಅವಳು ಅಳೂದು ಇಲ್ಲಿಗೆ ಬರೂದ್ರೊಳಗೆ ಅವಳ ಅಳು ಆರಿರ್ತದೆ. ಮತ್ತೆ ಈ ಬೈಗುಳ ಯಾರಿಗೆ?"

"ಹಂಗಾರೆ ಸುಮ್ನೆ ಕೂರ್ಲಾ? ತಪ್ಪು ಕಣ್ಣೆದುರಿಗೇ ಕಾಣ್ತದೆ."

"ಕಾಣೂದು ಹಳೇ ತಪ್ಪು. ಅದು ಮುಗ್ದು ಹೋಗದೆ. ನಾಳಿನ ತಪ್ಪಿಗೆ ಎಂತಾದ್ರೂ ಹೇಳೂಕೆ ಬತ್ತದಾ ನೋಡು."

ನಾಗವೇಣಿ ಊಟ ಮುಗಿಸಿ ಎದ್ದಳು. ಆ ಮಧ್ಯಾಹ್ನವೇ ದೋಣಿ ತೆಗೆದುಕೊಂಡು ಒಬ್ಬಳೇ ಅಳಿವೆಗೆ ಹೋದಳು. ತನ್ನ ಕೈ ಏನು ಮಾಡುತ್ತದೆಂದು ನೋಡಲು ಹೊರಟವಳಿಗೆ ಕಂಡದ್ದು, ಕೈ ತಾನಾಗಿ ಏನೂ ಮಾಡುತ್ತಿಲ್ಲ ಎಂಬುದು. ಕೈಗೆ ಮೊದಲು ಕೂತ ಜಾಗಕ್ಕೆ ಗೊತ್ತಾಗುತ್ತಿತ್ತು. ಅದಕ್ಕೂ ಮೊದಲು ಅಂಗಾಲಿಗೆ. ಹುಟ್ಟು ಬೀಳುತ್ತಿದ್ದದ್ದು ಎಲ್ಲದರ ಕೊನೆಗೆ.

ಮರುದಿನ ಅವಳು ಕಳಿಸಿದ ಪಾಠ ಬೇರೆಯೇ ಇತ್ತು.

"ಶಿವಲೀಲಾ, ಹುಟ್ಟು ಬದಿಗಿಡು. ಹತ್ತು ದಿನ ಮುಟ್ಬೇಡ. ದೋಣಿ ದಡಕ್ಕೆ ಕಟ್ಟಿ ಅದ್ರಲ್ಲಿ ಸುಮ್ನೆ ಕೂರು. ನಂಗೆ ಪ್ರಶ್ನೆ ಕಳಿಸ್ಬೇಡ. ಎಂತ ಕಂಡೆ, ಅದನ್ನ ಕಳಿಸು. ನಾನು ಇದು ಸರಿ ಇದು ತಪ್ಪು ಹೇಳೂದಿಲ್ಲ. ನೀ ಕೇಳಿದ್ದಕ್ಕೆ ನಾ ಹೇಳೂದ್ರೊಳಗೆ ನಿನ್ನ ನೀರು ಬದ್ಲಾಗಿರ್ತದೆ. ಅದಕ್ಕೆ ನೀರನ್ನೇ ಕೇಳೂದು ಕಲಿ."

ಆಮೇಲೆ ಟೈಟನ್ನಿನಿಂದ ಬರತೊಡಗಿದ ಮಾತುಗಳಿಗಾಗಿ ನಾಗವೇಣಿ ಕಾಯುವಂತಾಯಿತು. ಶಿವಲೀಲಾ ಮೊದಮೊದಲು ಎರಡೇ ವಾಕ್ಯ ಹೇಳುತ್ತಿದ್ದಳು. ಬರಬರುತ್ತ ಅರ್ಧ ಗಂಟೆ ಮಾತಾಡುತ್ತಿದ್ದಳು. ಅಲ್ಲಿ ಆಕಾಶ ಕಾವಿ ಬಣ್ಣದ್ದಂತೆ, ಹಗಲೆಂದರೆ ನಮ್ಮ ಮುಸ್ಸಂಜೆಯಂತೆ, ಆ ಹಗಲು ಎಂಟು ದಿನ ಮುಗಿಯುವುದಿಲ್ಲವಂತೆ. ಮಳೆ ಬಂದರೆ ಹನಿಗಳು ದ್ರಾಕ್ಷಿಯಷ್ಟು ದಪ್ಪವಾಗಿ, ಹೂವು ಉದುರಿದ ಹಾಗೆ ನಿಧಾನವಾಗಿ ಇಳಿಯುತ್ತವಂತೆ. "ಈ ದಪ್ಪ ಕೈಗವಸಿನ ಕೈ ಚಾಚಿದ್ರೂ ಒಂದೊಂದೇ ಹನಿ ನೋಡಿ ಹಿಡೀಬಹುದು ನೋಡ್ರಿ" ಎಂದಳು ಒಮ್ಮೆ. ಇನ್ನೊಮ್ಮೆ, "ಅಕ್ಕೋರೇ, ಇವತ್ತ ಒಂದು ಅಲಿ ಬರೋಕಿಂತ ಮೊದ್ಲ ನನ್ನ ಎಡಗಾಲಿಗೆ ಗೊತ್ತಾತ್ರಿ. ಹೆಂಗ ಗೊತ್ತಾತು ಅಂತ ಗೊತ್ತಾಗಲಿಲ್ಲ" ಎಂದಳು. ನಾಗವೇಣಿ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದಳು.

ಇನಾಸ್ ಇನ್ನೊಂದು ಉಪಾಯ ಮಾಡಿದ. ನಾಗವೇಣಿಯ ದೋಣಿಯ ಓಲಾಟವನ್ನು ಹಿಡಿದು ಟೈಟನ್ನಿಗೆ ಕಳಿಸಿದ. ಅಲ್ಲಿ ಶಿವಲೀಲಾ ಮಲಗುವ ಹಾಸಿಗೆ ಅಘನಾಶಿನಿಯಂತೆ ತೂಗತೊಡಗಿತು. ಅಲ್ಲಿಯ ಅಲೆಯ ಪಕ್ಕದಲ್ಲಿ ಇಲ್ಲಿಯ ಅಲೆ ಗಡಿಬಿಡಿಯ ಕೂಸು. ಮೊದಲ ದಿನ ಅವಳಿಗೆ ವಾಂತಿಯಾಯಿತು. ನಾಲ್ಕನೆಯ ದಿನ ಕನಸು ಬಿತ್ತು. ತಾನು ಕಂಡೇ ಇರದ ಹಸಿರು ಹೊಳೆಯಲ್ಲಿ, ಎದುರಿಗೆ ಒಬ್ಬ ಹೆಂಗಸು ಬೆನ್ನು ಮಾಡಿ ಕೂತು ದೋಣಿ ನಡೆಸುತ್ತಿದ್ದಳಂತೆ. ಅದೇ ವಾರ ಮಣೆಯ ಮೇಲೆ ನಾಗವೇಣಿಯೂ ಕಣ್ಣು ಮುಚ್ಚಿ, ಕಾವಿ ಬಣ್ಣದ ಬೆಳಕಿನಲ್ಲಿ ದಪ್ಪ ಹನಿಗಳು ತನ್ನ ಸೆರಗಿನ ಮೇಲೆ ಇಳಿಯುವುದನ್ನು ಕಂಡಿದ್ದಳು. ಇಬ್ಬರೂ ಒಂದೇ ಹೊತ್ತಿನಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಆದರೂ ಒಬ್ಬರ ನೀರಿನಲ್ಲಿ ಇನ್ನೊಬ್ಬರು ನಿದ್ದೆ ಮಾಡುತ್ತಿದ್ದರು.

ಏಳನೆಯ ತಿಂಗಳ ಹೊತ್ತಿಗೆ ಶಿವಲೀಲಾ ದಡ ಬಿಟ್ಟು ಹೋಗತೊಡಗಿದಳು. ದೋಣಿಗೆ ಮೋಟಾರು ಇತ್ತು. ಹುಟ್ಟು ಇರಲೇಬೇಕೆಂದು ಹಟ ಹಿಡಿದು ಮಾಡಿಸಿದ್ದು ನಾಗವೇಣಿ. ಒಂದು ದಿನ ಮಣೆಯ ಮೇಲೆ ಕೂತಾಗ ಅವಳಿಗೆ ತೊಡೆಯ ಕೆಳಗೆ ಜುಮುಜುಮು ಎಂದಿತು. ಇರುವೆ ಹರಿದಂತೆ. ಅದರ ಹಿಂದೆಯೇ ದೋಣಿ ಒಂದು ಗೇಣು ಕುಸಿದು ಮತ್ತೆ ಎದ್ದಿತು.

"ಇದು ಎಂತದು ಇನಾಸ್?"

"ಯಂತ್ರದ ಗದ್ದಲ ಇರ್ಬೇಕು. ಅದನ್ನ ಸೋಸಿ ತೆಗೀತೇನೆ."

"ತೆಗೀಬೇಡ. ಕುಸಿಯೂಕೆ ಮೊದ್ಲು ಬಂತು ಅದು."

ಇನಾಸ್ ನಾಲ್ಕು ದಿನ ಲೆಕ್ಕ ಹಾಕಿ ತಲೆ ಕೆರೆದುಕೊಂಡು ಬಂದ. ಅದು ಗದ್ದಲವಲ್ಲ, ಗುಳ್ಳೆ. ಆ ಕಡಲಿನಲ್ಲಿ ಸಾರಜನಕ ಕರಗಿಕೊಂಡಿರುತ್ತದೆ, ಸೋಡಾದಲ್ಲಿ ಗ್ಯಾಸ್ ಇದ್ದಂತೆ. ಗಂಟಲಿನ ಕೆಲವು ಕಡೆ ಅದು ಬಿಟ್ಟುಕೊಂಡು ನೊರೆಯಾಗಿ ಏಳುತ್ತದೆ. ನೊರೆಗೆ ದೋಣಿಯನ್ನು ಹೊರುವ ಶಕ್ತಿಯಿಲ್ಲ. ಮೊದಲಿನ ಎರಡು ದೋಣಿಗಳು ಹೀಗೆಯೇ ಹೋಗಿರಬೇಕು. ಯಾಕೆ ಏಳುತ್ತದೆ, ಯಾವಾಗ ಏಳುತ್ತದೆ ಎನ್ನುವುದು ಅವನಿಗೂ ತಿಳಿಯಲಿಲ್ಲ.

ನಾಗವೇಣಿ ಆ ದಿನದ ಪಾಠದಲ್ಲಿ ಹೇಳಿದಳು: "ಅಂತಾ ನೀರು ನಾ ಕಂಡದ್ದಿಲ್ಲ ಶಿವಲೀಲಾ. ಜುಮುಜುಮು ಬಂದ್ರೆ ಬದಿಗೆ ತಿರುಗಿಸ್ಕೊ. ಒಳಗೇ ಸಿಕ್ಕಿಬಿದ್ರೆ ಎಂತ ಮಾಡೂದು, ನಂಗೆ ಗೊತ್ತಿಲ್ಲ. ಗೊತ್ತಿದ್ದ ಹಾಗೆ ಮಾತಾಡೂದಿಲ್ಲ ನಾನು."

ಇದಾಗಿ ಹತ್ತು ದಿನವೂ ಕಳೆದಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾಗವೇಣಿ ಕೋಣೆಗೆ ಬಂದಾಗ ಇನಾಸ್ ನಿಂತೇ ಇದ್ದ. ನಡುಗಡ್ಡೆಯ ಗೂಡಿನಲ್ಲಿ ಡೋಲ್ಮಾ ಮತ್ತು ಅವಳ ಜೊತೆಗಾರ, ಇಬ್ಬರು ಭೂವಿಜ್ಞಾನಿಗಳು ಇದ್ದರು. ಅವರ ಬಿಸಿಯಂತ್ರ ಕೆಟ್ಟಿತ್ತು. ಹೊರಗೆ ಸೊನ್ನೆಗಿಂತ ನೂರ ಎಂಬತ್ತು ಡಿಗ್ರಿ ಕೆಳಗೆ. ಹೆಚ್ಚೆಂದರೆ ಹನ್ನೆರಡು ಗಂಟೆ ತಡೆಯಬಹುದು. ಹಾರುವ ಯಂತ್ರದ ರೆಕ್ಕೆಗೆ ಆ ಋತುವಿನಲ್ಲಿ ಆಕಾಶದಿಂದ ಇಳಿಯುವ ಜಿಡ್ಡು ಕಟ್ಟಿಕೊಂಡು ಅದು ನೆಲ ಬಿಡುತ್ತಿರಲಿಲ್ಲ. ಉಳಿದದ್ದು ದೋಣಿ.

"ಶಿವಲೀಲಾ ಹೊರಟಾಯ್ತು" ಎಂದ ಇನಾಸ್. "ಹೊರಟು ಒಂದು ಗಂಟೆ ಇಪ್ಪತ್ತು ನಿಮಿಷ ಆಯ್ತು. ಸುದ್ದಿ ಈಗ ಬಂತು."

ನಾಗವೇಣಿ ಚಪ್ಪಲಿ ಬಿಟ್ಟು, ಅಂಗಾಲು ಊರಿ ಮಣೆಯ ಮೇಲೆ ಕೂತಳು.

ಮೊದಲ ಒಂದು ಗಂಟೆ ಮಣೆ ತೂಗಿದ ರೀತಿಗೆ ಅವಳ ಮುಖ ಸಡಿಲಾಯಿತು. ಒಳ್ಳೆಯ ಕೈ. ಅಲೆ ಬರುವ ಮೊದಲೇ ದೋಣಿ ಅದಕ್ಕೆ ಹೆಗಲು ಕೊಡುತ್ತಿತ್ತು. ಮೋಟಾರಿನ ಗುಂಯ್ ಹಲಗೆಯಲ್ಲಿ ಸಣ್ಣಗೆ ಇತ್ತು. ಕಿಟಕಿಯಾಚೆ ಬಲೆ ಎಳೆಯುವವರ ದನಿ, ಕೆಳಗೆ ಗಂಟಲಿನ ನಿಧಾನ ಉಸಿರು. ಅವಳು ಎರಡೂ ಕಡೆ ಇದ್ದಳು.

ಆಗ ಜುಮುಜುಮು ಬಂತು. ಇರುವೆ ಹರಿದಂತಲ್ಲ, ಇಡೀ ಗೂಡೇ ಒಡೆದಂತೆ. ಮಣೆ ಕುಸಿಯಿತು. ಏಳಲಿಲ್ಲ. ಇನ್ನೊಂದು ಗೇಣು ಕುಸಿಯಿತು.

ಅಳಿವೆಯಲ್ಲಿ ಮರಳುದಿಬ್ಬದ ಮೇಲೆ ದೋಣಿ ಕುಸಿದರೆ ಮಾಡುವುದು ಒಂದೇ. ಇದ್ದ ಬಲವನ್ನೆಲ್ಲ ಹಾಕಿ ಮುಂದಕ್ಕೆ ನುಗ್ಗಬೇಕು. ನಿಂತರೆ ಮುಂದಿನ ಅಲೆ ಮಗುಚುತ್ತದೆ. ನಾಗವೇಣಿಯ ಮೈಗೆ ಗೊತ್ತಿದ್ದದ್ದು ಅದು, ಬಾಯಿಂದ ಬಂದದ್ದೂ ಅದೇ.

"ಮೋಟಾರು ಜೋರು ಮಾಡು ಶಿವಲೀಲಾ. ನಿಲ್ಬೇಡ. ಪೂರ್ತಿ ಜೋರು ಮಾಡಿ ನುಗ್ಗು."

ಇನಾಸ್ ಗುಂಡಿ ಒತ್ತಿದ. ಮಾತು ಹೊರಟಿತು.

ಸ್ವಲ್ಪ ಹೊತ್ತಿನಲ್ಲಿ ಮಣೆಯ ಗುಂಯ್ ನಿಂತಿತು. ಮಣೆಯೂ ನಿಂತಿತು. ಅಲುಗಾಟವಿಲ್ಲ, ನಡುಕವಿಲ್ಲ, ಬರೀ ಹಲಸಿನ ಹಲಗೆ. ಇನಾಸ್ ಯಂತ್ರವನ್ನು ತಟ್ಟಿ ನೋಡಿದ. ಯಂತ್ರ ಸರಿಯಿತ್ತು. ಸಂಕೇತವೂ ಬರುತ್ತಿತ್ತು. ದೋಣಿ ಅಲುಗುತ್ತಿಲ್ಲ ಎಂದೇ ಸಂಕೇತ ಹೇಳುತ್ತಿತ್ತು.

"ತಳಕ್ಕೆ ಹೋದ್ರೂ ಹಿಂಗೇ ಬತ್ತದಾ?" ಎಂದು ನಾಗವೇಣಿ ಕೇಳಿದಳು.

ಇನಾಸ್ ಮತ್ತೆ ಯಂತ್ರದ ತಂತಿಗಳಿಗೆ ಕೈ ಹಾಕಿದ.

ಅವಳು ಎದ್ದೇಳಲಿಲ್ಲ. ಕೈಗಳನ್ನು ಹಲಗೆಯ ಅಂಚಿಗೆ ಇಟ್ಟುಕೊಂಡು, ಮಲಗಿದ ಮಗುವಿನ ಮೈ ಮುಟ್ಟಿ ನೋಡುವಂತೆ ಕೂತಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕಿಟಕಿಯಾಚೆ ಭರತ ಏರುತ್ತಿತ್ತು. ಆಮೇಲೆ ಅಂಗಾಲಿಗೆ ಏನೋ ತಾಗಿತು. ಇದ್ದೂ ಇಲ್ಲದಂತಹ ಒಂದು ಎಳೆತ. ಬಿಟ್ಟಿತು. ಮತ್ತೆ ಎಳೆಯಿತು. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

"ಹುಟ್ಟು ಹಾಕ್ತಿದ್ದಾಳೆ" ಎಂದಳು ನಾಗವೇಣಿ. "ಮೋಟಾರು ಬಂದ್ ಮಾಡಿ ಕೈಯಲ್ಲಿ ಹುಟ್ಟು ಹಾಕ್ತಿದ್ದಾಳೆ."

ಇನಾಸ್ ಲೆಕ್ಕಗಳನ್ನು ಪರದೆಗೆ ಎಳೆದ. ಮೋಟಾರು ನಿಂತ ಮೇಲೆ ದೋಣಿಯ ತಳ ತಣ್ಣಗಾಗುತ್ತ ಬಂದಿತ್ತು. ತಳ ತಣ್ಣಗಾದಂತೆ ಗುಳ್ಳೆ ಕಡಿಮೆಯಾಗಿತ್ತು. ಅವನು ಅದನ್ನು ಎರಡು ಸಲ ಓದಿ, ನಿಧಾನವಾಗಿ ಹೇಳಿದ: "ಬಿಸಿ ತಾಗಿದ್ದಕ್ಕೇ ನೊರೆ ಹೆಚ್ಚಾಯ್ತು ನಾಗವೇಣಕ್ಕ. ಮೋಟಾರಿನ ಬಿಸಿ. ಜೋರು ಮಾಡಿದಷ್ಟೂ..."

ಪೂರ್ತಿ ಜೋರು ಮಾಡಿ ನುಗ್ಗು ಎಂಬ ಮಾತು ಆ ಹೊತ್ತಿಗೆ ಅರ್ಧ ದಾರಿಯಲ್ಲಿತ್ತು. ಅದನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು.

"ಇನ್ನೊಂದು ಮಾತು ಕಳಿಸು" ಎಂದಳು ನಾಗವೇಣಿ. "ಶಿವಲೀಲಾ, ನಾ ಮೊದ್ಲು ಹೇಳಿದ್ದು ತಪ್ಪು. ಅದನ್ನ ಕೇಳ್ಬೇಡ. ನೀ ಮಾಡಿದ್ದೇ ಸರಿ. ಮೋಟಾರು ಮುಟ್ಬೇಡ."

ಅದೂ ಹೊರಟಿತು. ಮೊದಲ ಮಾತು ಹೋದ ವೇಗದಲ್ಲೇ, ಅದರ ಹಿಂದೆ ಮೂವತ್ತೇಳು ನಿಮಿಷ ತಡವಾಗಿ. ಬೆಳಕು ಬೆಳಕನ್ನು ಹಿಂದೆ ಹಾಕುವುದಿಲ್ಲ. ಗಂಟಲಿನ ನಟ್ಟನಡುವೆ ಶಿವಲೀಲಾಳಿಗೆ ಮೊದಲು ಸಿಗುವುದು ತಪ್ಪು ಮಾತು. ಅದನ್ನು ತಿದ್ದುವ ಮಾತು ಬರುವವರೆಗಿನ ಮೂವತ್ತೇಳು ನಿಮಿಷ ಅವಳು ಮತ್ತು ಅವಳ ಅಕ್ಕೋರ ತಪ್ಪು, ಇಬ್ಬರೇ.

ಸುಬ್ರಾಯ ಊಟದ ಬುತ್ತಿ ತಂದ. ಇನಾಸ್ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿದ. ಅವನು ಒಳಗೆ ಬಂದು ಮಣೆಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಬುತ್ತಿ ಬಿಚ್ಚಲಿಲ್ಲ.

"ಅವಳು ನಾ ಹೇಳಿದ್ದು ಮೀರಿದ್ದು ಇಲ್ಲ" ಎಂದಳು ನಾಗವೇಣಿ. "ಹತ್ತು ದಿನ ಹುಟ್ಟು ಮುಟ್ಬೇಡ ಅಂದ್ರೆ ಮುಟ್ಲಿಲ್ಲ. ಅಷ್ಟು ನಂಬ್ತಾಳೆ."

ಸುಬ್ರಾಯ ಅವಳ ಪಾದದ ಹತ್ತಿರ ಕೈಯಿಟ್ಟ. ಹಲಗೆಯ ಮೂಲಕ ಅವನಿಗೂ ಹುಟ್ಟಿನ ಎಳೆತ ತಿಳಿಯುತ್ತಿತ್ತು.

ಮಧ್ಯಾಹ್ನ ಇನಾಸ್ ಗಡಿಯಾರ ನೋಡಿ, "ಈಗ" ಎಂದ. ಮೊದಲ ಮಾತು ಅವಳಿಗೆ ಮುಟ್ಟಿ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಮುಟ್ಟಿದಾಗ ಏನಾಯಿತೆಂಬುದು ಈಗ ಮಣೆಗೆ ಬರಬೇಕು.

ಬಲ, ಎಡ. ಬಲ, ಎಡ. ಆಮೇಲೆ ಹುಟ್ಟು ನಿಂತಿತು.

ಕೇಳಿಸಿಕೊಳ್ಳುತ್ತಿದ್ದಾಳೆ. ಎಲ್ಲೋ ಕಾವಿ ಬಣ್ಣದ ಬೆಳಕಿನಲ್ಲಿ, ಹುಟ್ಟನ್ನು ಮಡಿಲಿಗೆ ಎಳೆದುಕೊಂಡು, ಕಿವಿಯಲ್ಲಿ ತನ್ನ ಅಕ್ಕೋರ ಕೂಗನ್ನು ಕೇಳುತ್ತಿದ್ದಾಳೆ. ದೋಣಿ ತೇಲಿತು. ಒಂದು ಅಲೆ ಅದನ್ನು ಎತ್ತಿಕೊಂಡಿತು, ಎತ್ತಿಕೊಂಡೇ ನಿಂತಿತು. ನಾಗವೇಣಿ ಮೋಟಾರಿನ ಗುಂಯ್‌ಗಾಗಿ ಕಾದಳು. ಅದು ಬರಬಾರದೆಂದು ಕಾದಳು. ಅಲೆ ಇಳಿಸಿತು. ಇನ್ನೊಂದು ಎತ್ತಿತು.

ಬಲ. ಎಡ. ಬಲ. ಎಡ.

ಸುಬ್ರಾಯ ಉಸಿರು ಬಿಟ್ಟ. ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಹುಟ್ಟಿನ ತಾಳಕ್ಕೆ ಹಿಂದೆ ಮುಂದೆ ತೂಗುತ್ತ, ಬಹಳ ಹೊತ್ತು ಹಾಗೇ ಕೂತಿದ್ದಳು.

ಡೋಲ್ಮಾ ಮತ್ತು ಜೊತೆಗಾರ ಬದುಕಿದರು. ಡೋಲ್ಮಾಳ ಎಡಗೈಯ ಎರಡು ಬೆರಳು ಹೋದವು. ಶಿವಲೀಲಾಳ ದನಿ ಬಂದದ್ದು ಮರುದಿನ, ನಡುಗಡ್ಡೆಯಿಂದ ಇಬ್ಬರನ್ನೂ ಕೂರಿಸಿಕೊಂಡು, ಬಂದಂತೆಯೇ ಹುಟ್ಟು ಹಾಕಿ ನೆಲೆ ಸೇರಿದ ಮೇಲೆ.

"ಅಕ್ಕೋರೇ, ನೀವು ಹೇಳಿದ್ದು ಬಂತ್ರಿ. ಎರಡೂ ಬಂದ್ವು. ಎರಡನೇದು ಬರೂತನಕ ನನ್ನ ಜೀವ ಹಾರಿಹೋಗಿತ್ತು. ನೀರಿಗಂಜಿ ಅಲ್ಲ, ನಿಮ್ಮ ಮಾತು ಮೀರೀನಲ್ಲ ಅಂತ. ನಾ ಪಂಪಿನಾಕಿ ಅದೀನಿ. ಪಂಪು ಗಾಳಿ ಎಳೀಲಾಕತ್ತಿತು ಅಂದ್ರ ಮೊದ್ಲ ಬಂದ್ ಮಾಡ್ಬೇಕು, ಜೋರ್ ಮಾಡಿದ್ರ ಸುಟ್ಟು ಹೋಗ್ತದ. ಅದು ನೆಪ್ಪಾತು. ನಿಮ್ಮ ಮಾತು ಕೇಳ್ದಾಗ ಹುಟ್ಟು ನಿಲ್ಲಿಸಿ ಬಾಳ ಹೊತ್ತು ಕುಂತೆ. ಏನು ಕಂಡಿ ಹೇಳು ಅಂತ ನೀವು ದಿನಾ ಕೇಳ್ತಿದ್ರಲ್ರಿ. ನನಗ ಕಂಡದ್ದು ಬ್ಯಾರೆ ಇತ್ತು. ತಪ್ಪು ತಿಳ್ಕೋಬ್ಯಾಡ್ರಿ."

ನಾಗವೇಣಿ ಆ ಸಲ ಉತ್ತರ ಕಳಿಸಲು ಎರಡು ದಿನ ತೆಗೆದುಕೊಂಡಳು. ಕಳಿಸಿದ್ದು ಒಂದೇ ಮಾತು. "ತಣ್ಣಗಾದ ದೋಣಿ ನೊರೆಯೊಳಗೆ ಹೇಗೆ ಕೂರ್ತದೆ, ನಂಗೆ ಕಲಿಸು."

ಈ ಪಾಠಗಳನ್ನೆಲ್ಲ ಕೂಡಿಡುವ ವ್ಯವಸ್ಥೆಯಿತ್ತು. ಮುಂದೆ ಬೇರೆ ಬೇರೆ ಚಂದ್ರಗಳಿಗೆ, ಇನ್ನೂ ದೂರದ ಕಡಲುಗಳಿಗೆ ಹೋಗುವವರು ಅವನ್ನು ಕೇಳಿ ಕಲಿಯಬೇಕು. ಒಂದು ಉತ್ತರಕ್ಕೆ ದಿನಗಟ್ಟಲೆ, ವರ್ಷಗಟ್ಟಲೆ ಕಾಯಬೇಕಾದವರು. ಇನಾಸ್ ಒಂದು ದಿನ ಹಿಂಜರಿಯುತ್ತ, ಮೋಟಾರು ಜೋರು ಮಾಡು ಎಂಬ ಆ ಒಂದು ಮಾತನ್ನು ಅಳಿಸಿಬಿಡೋಣವೇ ಎಂದು ಕೇಳಿದ.

"ಇರ್ಲಿ" ಎಂದಳು ನಾಗವೇಣಿ. "ಅದರ ಮುಂದೆ ಬರೆದಿಡು. ಇಲ್ಲಿ ಅಕ್ಕೋರು ತಪ್ಪಿದಳು, ಕಲಿಯುವವಳು ಕೇಳಲಿಲ್ಲ, ಮೂರು ಜೀವ ಉಳಿಯಿತು ಅಂತ. ಕೇಳುವವರಿಗೆ ಅದೂ ಬೇಕು."

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಅವಳು ಮಣೆಯ ಮೇಲೆ ಕೂತಿದ್ದಳು. ಟೈಟನ್ನಿನ ದೋಣಿ ದಡ ಬಿಟ್ಟಿತು. ಬಿಟ್ಟ ಕೂಡಲೇ ಅವಳ ಹುಬ್ಬು ಗಂಟಿಕ್ಕಿತು. ಹುಟ್ಟು ಒಂದು ಕಡೆ ಆಳಕ್ಕೆ ಬೀಳುತ್ತಿತ್ತು, ಇನ್ನೊಂದು ಕಡೆ ಮೇಲೆ ಮೇಲೆ ಗೀಚುತ್ತಿತ್ತು. ದೋಣಿ ಕುಂಟಿತು. ಶಿವಲೀಲಾಳ ಕೈಯಲ್ಲ ಇದು. ಅವಳಿಗೇನಾದರೂ ಆಯಿತೇ ಎಂದು ಒಂದು ಕ್ಷಣ ಎದೆ ಹೊಡೆದುಕೊಂಡಿತು. ಆಮೇಲೆ ದೋಣಿಯ ತೂಕ ತಿಳಿಯಿತು. ಇಬ್ಬರಿದ್ದಾರೆ. ಎದುರಿನ ಹಲಗೆಯ ಮೇಲೆ ಇನ್ನೊಬ್ಬರು, ಅಲೆಗೆ ಮೈಕೊಟ್ಟು, ಸುಮ್ಮನೆ. ಆ ಸುಮ್ಮನೆ ಕೂತ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಡೋಲ್ಮಾ ಕಲೀತಿದ್ದಾಳಂತೆ" ಎಂದ ಇನಾಸ್, ಆಗಷ್ಟೇ ಬಂದ ಬರಹ ಓದಿ. "ಎಂಟು ಬೆರಳಿನಲ್ಲಿ ಹುಟ್ಟು ಹಿಡಿಯೋದು ಹೇಗೆ ಅಂತ ನಿಮ್ಮನ್ನ ಕೇಳ್ಲಾ ಅಂದ್ಲಂತೆ. ಶಿವಲೀಲಾ ಬೇಡ ಅಂದ್ಲಂತೆ. ನಾವೇ ನೋಡೋಣ ಅಂದ್ಲಂತೆ."

ಹುಟ್ಟು ಮತ್ತೆ ಮೇಲೆ ಗೀಚಿತು. ಹೆಬ್ಬೆಟ್ಟು ಎಲ್ಲಿರಬೇಕೆಂದು ನಾಗವೇಣಿಯ ನಾಲಗೆಯ ತುದಿಗೆ ಬಂದಿತ್ತು. ಮಾತು ಹಿಡಿಯುವ ಯಂತ್ರ ಕೈಗೆಟಕುವಲ್ಲೇ ಇತ್ತು. ಅವಳು ಅದನ್ನು ಇನಾಸನ ಕಡೆಗೆ ಸರಿಸಿ, ಕಾಲು ಊರಿ, ಕಣ್ಣು ಮುಚ್ಚಿದಳು. ದೋಣಿ ಕುಂಟುತ್ತ ಕುಂಟುತ್ತ ಒಂದು ಅಲೆಯನ್ನು ತಡವಾಗಿ ಏರಿತು. ಇನ್ನೊಂದನ್ನು ಅಷ್ಟು ತಡವಿಲ್ಲದೆ.